ಪದ ಬೇಕು: ‘ಸಬ್ಸಿಸ್ಟೆನ್ಸ್ ವೇಲಿಂಗ್’ ಕನ್ನಡದಲ್ಲಿ ಏನು? (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆ ಮಕ್ಕಳಿಗಾಗಿ ಕಡಲ ಪ್ರಾಣಿಗಳ ಪ್ರದರ್ಶನ ನಡೆಯಲಿದೆ. ಅದರ ಫಲಕಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತದೆ. ಒಂದು ಫಲಕದಲ್ಲಿ ಎರಡು ಕಾಲಂ ಇವೆ. ಎಡಕ್ಕೆ ‘ಕಮರ್ಷಿಯಲ್ ವೇಲಿಂಗ್’: ಜಪಾನ್, ನಾರ್ವೆ, ಐಸ್‌ಲ್ಯಾಂಡ್. ಬಲಕ್ಕೆ ‘ಅಬಾರಿಜಿನಲ್ ಸಬ್ಸಿಸ್ಟೆನ್ಸ್ ವೇಲಿಂಗ್’, ಅಂದರೆ ಮೂಲನಿವಾಸಿಗಳು ತಮ್ಮ ಊಟಕ್ಕೆ, ಬದುಕಿಗೆ ಮಾಡುವ ತಿಮಿಂಗಿಲ ಬೇಟೆ: ಅಲಾಸ್ಕಾ, ಗ್ರೀನ್‌ಲ್ಯಾಂಡ್, ರಷ್ಯಾದ ಚುಕೋಟ್ಕಾ. ಎಡಕ್ಕೆ ‘ವಾಣಿಜ್ಯ ತಿಮಿಂಗಿಲ ಬೇಟೆ’ ಅಂತ ಹಾಕಿದ್ದೇನೆ. ಬಲಕ್ಕೆ ‘ಜೀವನಾಧಾರ ಬೇಟೆ’, ‘ಹೊಟ್ಟೆಪಾಡಿನ ಬೇಟೆ’, ‘ಸಾಂಪ್ರದಾಯಿಕ ಬೇಟೆ’ ಮೂರನ್ನೂ ಬರೆದು ಅಳಿಸಿದೆ. ಒಂದೂ ಕೂರುತ್ತಿಲ್ಲ. ಕೆಳಗೆ ಸೀಲ್ ಬೇಟೆಯ ಬಗ್ಗೆಯೂ ನಾಲ್ಕು ಸಾಲು ಇದೆ. ಕರಡು ನೋಡಿದವರೊಬ್ಬರು ‘ಸೀಲ್’ ಹೊಡೆದು ‘ನೀರುನಾಯಿ’ ಅಂತ ತಿದ್ದಿದ್ದಾರೆ. ಸರಿಯೇ?

ಮರು (ಶಿವಮೊಗ್ಗ):
ಸರಿಯಲ್ಲ. ನೀರುನಾಯಿ ನಮ್ಮ ತುಂಗಭದ್ರೆಯಲ್ಲಿ, ಕಾವೇರಿಯಲ್ಲಿ ಇರುವ ಪ್ರಾಣಿ. ಸೀಲ್ ಬೇರೆ. ನಮ್ಮ ಕಡಲಲ್ಲಿ ಇಲ್ಲದ ಪ್ರಾಣಿಗೆ ನಮ್ಮ ಹೊಳೆಯ ಪ್ರಾಣಿಯ ಹೆಸರು ಕೊಡಬೇಡಿ. ‘ಸೀಲ್’ ಇರಲಿ.
ಇನ್ನೊಂದು. ನೀವು ‘ತಿಮಿಂಗಿಲ’ ಅಂತ ಬರೆದಿದ್ದೀರಿ, ಸಂತೋಷ. ಎಲ್ಲರೂ ‘ತಿಮಿಂಗಲ’ ಮಾಡಿಟ್ಟಿದ್ದಾರೆ. ತಿಮಿ ಅಂದರೆ ದೊಡ್ಡ ಮೀನು. ತಿಮಿಯನ್ನು ನುಂಗುವುದು ತಿಮಿಂಗಿಲ, ತಿಮಿಂಗಿಲವನ್ನೂ ನುಂಗುವುದು ತಿಮಿಂಗಿಲಗಿಲ. ನುಂಗು ಅನ್ನುವ ಅರ್ಥ ಇರುವುದೇ ಆ ‘ಗಿಲ’ದಲ್ಲಿ. ಅದನ್ನು ಕೆಡಿಸಿದರೆ ಪದ ಸತ್ತಂತೆ.

ಮರು (ತುಮಕೂರು):
ತಿಮಿ ಸತ್ತರೆ ಕನ್ನಡಕ್ಕೇನೂ ನಷ್ಟವಿಲ್ಲ. ಹೆಮ್ಮರ ಇದೆ, ಹೆದ್ದಾರಿ ಇದೆ, ಹಾಗೇ ‘ಹೆಮ್ಮೀನು’. ವಾಣಿಜ್ಯ, ಜೀವನಾಧಾರ, ಸಾಂಪ್ರದಾಯಿಕ, ಮೂರರಲ್ಲಿ ಒಂದೂ ನಮ್ಮದಲ್ಲ. ಎಡಕ್ಕೆ ‘ಮಾರಾಟದ ಹೆಮ್ಮೀನು ಬೇಟೆ’, ಬಲಕ್ಕೆ ‘ಬದುಕಿನ ಹೆಮ್ಮೀನು ಬೇಟೆ’. ಮುಗಿಯಿತು.

ಮರು (ಮೈಸೂರು):
ಮುಗಿದಿಲ್ಲ. ಅದು ಮೀನೇ ಅಲ್ಲ, ಮರಿಗೆ ಹಾಲು ಕೊಡುವ ಪ್ರಾಣಿ. ಮಕ್ಕಳ ಫಲಕದಲ್ಲಿ ‘ಹೆಮ್ಮೀನು’ ಅಂತ ಹಾಕಿದರೆ ವಿಜ್ಞಾನದ ಮೇಷ್ಟ್ರು ಅಲ್ಲೇ ನಿಂತು ಪಾಠ ಮಾಡಬೇಕಾಗುತ್ತದೆ.
ನನ್ನ ತಕರಾರು ಬೇರೆ. ‘ಬೇಟೆ’ ಯಾಕೆ? ಅದರಲ್ಲಿ ಶೌರ್ಯದ ವಾಸನೆ ಇದೆ, ರಾಜರ ಕಾಲದ್ದು. 2021ರ ಸೆಪ್ಟೆಂಬರ್‌ನಲ್ಲಿ ಫ್ಯಾರೋ ದ್ವೀಪಗಳಲ್ಲಿ ಒಂದೇ ದಿನ 1,428 ಡಾಲ್ಫಿನ್‌ಗಳನ್ನು ದಡಕ್ಕೆ ಅಟ್ಟಿ ಕೊಂದರು. ಅದನ್ನೂ ಸಂಪ್ರದಾಯ ಅಂದರು. ಎಡಕ್ಕೂ ಬಲಕ್ಕೂ ‘ಹತ್ಯೆ’ ಅಂತ ಹಾಕಿ. ನೋವಿಗೆ ಸಂಸ್ಕೃತಿ ಗೊತ್ತಿಲ್ಲ.

ಮರು (ಕಾರವಾರ):
ಸಾಯುವ ಪ್ರಾಣಿಗೆ ಎರಡೂ ಒಂದೇ, ಒಪ್ಪುತ್ತೇನೆ. ಆದರೆ ಎರಡೂ ಕಡೆ ‘ಹತ್ಯೆ’ ಅಂತ ಬರೆದರೆ ಎರಡು ಕಾಲಂ ಯಾಕೆ ಬೇಕು? ಎಡಕ್ಕೆ ಮಾತ್ರ ‘ಹತ್ಯೆ’ ಅಂದರೆ ತೀರ್ಪನ್ನು ಮೊದಲೇ ಬರೆದಿಟ್ಟ ಹಾಗಾಯಿತು. ಬೇಟೆ ಅಂತಲೇ ಇರಲಿ, ಎರಡೂ ಕಡೆ. ಅಲಾಸ್ಕಾದವರೂ ಸಿಡಿಯುವ ಈಟಿ ಬಳಸುತ್ತಾರೆ, ಪ್ರಾಣಿ ಬೇಗ ಸಾಯಲಿ ಅಂತ. ಹಾಗಾಗಿ ಆಯುಧ ನೋಡಿ ಪದ ಆರಿಸಲು ಆಗುವುದಿಲ್ಲ. ವ್ಯತ್ಯಾಸ ಇರುವುದು ಬೇಟೆಯ ಮುಂದೆ ಸೇರುವ ಪದದಲ್ಲಿ. ಅದಕ್ಕೇ ಅದನ್ನು ಹುಷಾರಾಗಿ ಆರಿಸಬೇಕು.

‘ಸಾಂಪ್ರದಾಯಿಕ’ ಖಂಡಿತಾ ಬೇಡ. ಅದು ಎಡ ಕಾಲಂನ ದೇಶಗಳ ವಾದ. ಜಪಾನ್ ಅದನ್ನೇ ಹೇಳುತ್ತದೆ, ನಾರ್ವೆಯೂ ಅದನ್ನೇ ಹೇಳುತ್ತದೆ. ಹೆಸರಿನಿಂದ ಎಷ್ಟು ಮುಚ್ಚಬಹುದು ನೋಡಿ: ವ್ಯಾಪಾರದ ಬೇಟೆಗೆ ತಡೆ ಜಾರಿಯಾದ ಮೇಲೆ ಜಪಾನ್ 1987ರಿಂದ ಅಂಟಾರ್ಕ್ಟಿಕ್‌ನಲ್ಲಿ ‘ಸಂಶೋಧನೆ’ ಅಂತ ಬೇಟೆ ಮುಂದುವರಿಸಿತು, ಮಾಂಸ ಮಾತ್ರ ಅಂಗಡಿಗೆ ಹೋಗುತ್ತಿತ್ತು. 2014ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಇದು ಸಂಶೋಧನೆಗಾಗಿ ಅಲ್ಲ ಅಂದಿತು. 2019ರಲ್ಲಿ ಜಪಾನ್ ಅಂತಾರಾಷ್ಟ್ರೀಯ ವೇಲಿಂಗ್ ಕಮಿಷನ್ನನ್ನೇ (ತಿಮಿಂಗಿಲ ಬೇಟೆಗೆ ನಿಯಮ ಹಾಕುವ ದೇಶಗಳ ಕೂಟ) ಬಿಟ್ಟು ಹೊರಬಂದು, ವ್ಯಾಪಾರ ಅಂತಲೇ ಹೇಳಿಕೊಂಡು ತನ್ನ ಕಡಲಲ್ಲಿ ಬೇಟೆ ಶುರು ಮಾಡಿತು. ಬೇಟೆ ನನಗೆ ಹಿಡಿಸುವುದಿಲ್ಲ, ಆದರೆ ಹೆಸರಾದರೂ ಈಗ ಸರಿಯಾಗಿದೆ.

ಬಲಗಡೆಯ ಕತೆ ಬೇರೆ. ಅಲಾಸ್ಕಾದ ಬೋಹೆಡ್ ಜಾತಿಯ ತಿಮಿಂಗಿಲಗಳನ್ನು ಹೆಚ್ಚುಕಡಿಮೆ ಮುಗಿಸಿದ್ದು ಅಲ್ಲಿನ ಮೂಲನಿವಾಸಿಗಳಾದ ಇನ್ಯೂಪಿಯಾಟ್ ಜನ ಅಲ್ಲ. 1848ರಿಂದ ಎಣ್ಣೆಗೂ ಬಲೀನ್‌ಗೂ (ತಿಮಿಂಗಿಲದ ಬಾಯೊಳಗಿನ ಜರಡಿಯಂಥ ಪಟ್ಟಿಗಳು) ಬಂದ ಅಮೆರಿಕದ ಹಡಗುಗಳು. ಆದರೆ 1977ರಲ್ಲಿ ಕಮಿಷನ್ ಬೇಟೆ ನಿಲ್ಲಿಸಿ ಅಂದಿದ್ದು ಇವರಿಗೆ! ಉಳಿದಿರುವುದು ಹೆಚ್ಚೆಂದರೆ ಎರಡು ಸಾವಿರ ಅಂತ ವಿಜ್ಞಾನಿಗಳ ಲೆಕ್ಕ. ಬೇಟೆಗಾರರು ಅಂದರು: ನೀವು ಹಿಮದ ಅಂಚಿನಲ್ಲಿ ಕೂತು ಕಂಡಷ್ಟನ್ನು ಎಣಿಸುತ್ತಿದ್ದೀರಿ, ತಿಮಿಂಗಿಲ ಹಿಮದ ಅಡಿಯಲ್ಲೂ ಹೋಗುತ್ತದೆ. ಆಮೇಲೆ ನೀರೊಳಗೆ ಮೈಕ್ ಇಳಿಸಿ ಕೇಳಿದರು. ಬೇಟೆಗಾರರ ಮಾತೇ ನಿಜವಾಯಿತು. 2011ರ ಎಣಿಕೆಯಲ್ಲಿ 16 ಸಾವಿರಕ್ಕೂ ಜಾಸ್ತಿ ಸಿಕ್ಕವು, ಅದೂ ಮಿತಿಯೊಳಗೆ ಬೇಟೆ ನಡೆಯುತ್ತಲೇ ಇದ್ದಾಗ. ಇಂಥ ಜನರ ತಿಳಿವಳಿಕೆಯನ್ನು ‘ಹೊಟ್ಟೆಪಾಡು’ ಅಂತ ಕರೆಯುವುದು ನನಗೆ ಒಗ್ಗುವುದಿಲ್ಲ. ಹೊಟ್ಟೆಪಾಡು ಅಂದರೆ ಬೇರೆ ದಾರಿ ಇಲ್ಲದ್ದಕ್ಕೆ ಮಾಡುವ ಕೆಲಸ. ಅವರು ಹಿಡಿದ ತಿಮಿಂಗಿಲವನ್ನು ಊರಿಗೆಲ್ಲ ಪಾಲು ಹಾಕುತ್ತಾರೆ, ಬೇಸಿಗೆಯಲ್ಲಿ ಅದಕ್ಕೇ ನಾಲುಕಟಾಕ್ ಅನ್ನುವ ಹಬ್ಬ ಮಾಡುತ್ತಾರೆ. ನನ್ನ ಸಲಹೆ: ‘ಹಂಚಿ ಉಣ್ಣುವ ಬೇಟೆ’.

ಮರು (ಮೈಸೂರು):
ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಗ್ರೀನ್‌ಲ್ಯಾಂಡ್‌ನಲ್ಲಿ ತಿಮಿಂಗಿಲದ ಮಾಂಸ ಅಂಗಡಿಯಲ್ಲಿ ಸಿಗುತ್ತದೆ. ಪ್ರವಾಸಿಗರ ಹೋಟೆಲುಗಳಲ್ಲೂ ಬಡಿಸುತ್ತಾರೆ ಅನ್ನುವ ಗಲಾಟೆಯಲ್ಲೇ ಕಮಿಷನ್ನಿನ 2012ರ ಪನಾಮ ಸಭೆಯಲ್ಲಿ ಅವರ ಬೇಟೆಯ ಕೋಟಾ ಮತಕ್ಕೆ ಹಾಕಿ ಬಿದ್ದುಹೋಯಿತು. ಹಂಚಿ ಉಣ್ಣುವುದು ಎಲ್ಲಿ ಬಂತು?

ಮರು (ಕಾರವಾರ):
ಗ್ರೀನ್‌ಲ್ಯಾಂಡ್‌ನ ರಾಜಧಾನಿ ನೂಕ್‌ನಲ್ಲಿರುವ ಇನ್ಯೂಟ್ (ಅಲ್ಲಿನ ಮೂಲನಿವಾಸಿ) ಹೆಂಗಸು ತನ್ನೂರಿನ ಬೇಟೆಗಾರನಿಂದ ಮಾಂಸ ಕೊಂಡರೆ ಅದು ವ್ಯಾಪಾರ ಆಗಿಬಿಡುತ್ತದೆಯೇ? ಅವನ ದೋಣಿಗೆ ಪೆಟ್ರೋಲ್ ಬೇಡವೇ? ದುಡ್ಡು ಮುಟ್ಟದಿದ್ದರೆ ಮಾತ್ರ ಮೂಲನಿವಾಸಿ ಅನ್ನುವುದು ಹೊರಗಿನವರ ಆಸೆ.
ಸೀಲ್ ವಿಷಯದಲ್ಲಿ ಇದರ ಪೆಟ್ಟು ಗೊತ್ತಾಗುತ್ತದೆ. 1983ರಲ್ಲಿ ಯುರೋಪ್ ಬಿಳಿ ಸೀಲ್ ಮರಿಗಳ ಚರ್ಮ ತರಿಸುವುದನ್ನು ನಿಲ್ಲಿಸಿತು. ಇನ್ಯೂಟರ ಬೇಟೆಗೆ ವಿನಾಯಿತಿ ಇತ್ತು. ಅವರು ಹೊಡೆಯುತ್ತಿದ್ದುದು ಆ ಮರಿಗಳನ್ನಲ್ಲ, ಮುಖ್ಯವಾಗಿ ಬೆಳೆದ ರಿಂಗ್ಡ್ ಸೀಲ್. ಆದರೂ ಸೀಲ್ ಅಂದರೇ ಜನ ಮುಖ ತಿರುಗಿಸಿದರು, ಬೆಲೆ ನೆಲಕಚ್ಚಿತು. ಮಾಂಸ ಮನೆಗೆ, ಚರ್ಮ ಮಾರುಕಟ್ಟೆಗೆ, ಆ ದುಡ್ಡು ಮತ್ತೆ ಗುಂಡಿಗೆ, ಇಂಧನಕ್ಕೆ. ಅವರ ಬದುಕು ಹೀಗೆ ನಡೆಯುತ್ತಿತ್ತು. 2009ರ ಕಾನೂನಿನಲ್ಲೂ ವಿನಾಯಿತಿ ಬಂತು. ಕೊಳ್ಳುವವರೇ ಇಲ್ಲದ ಮೇಲೆ ವಿನಾಯಿತಿ ಇಟ್ಟುಕೊಂಡು ಏನು ಮಾಡುವುದು?

ಮರು (ಬೆಂಗಳೂರು):
ಇಷ್ಟು ದೂರ ಹೋಗಬೇಕಿಲ್ಲ. ಗ್ಯಾಸ್ ಸಿಲಿಂಡರಿಗೆ ನಾವೇ ‘ಗೃಹಬಳಕೆ’, ‘ವಾಣಿಜ್ಯ ಬಳಕೆ’ ಅನ್ನುತ್ತೇವಲ್ವಾ? ‘ಬಳಕೆ’ ಹಿಡಿದುಕೊಳ್ಳಿ. ‘ಊರಬಳಕೆಯ ಬೇಟೆ’. ಹಂಚಿದರೂ ಊರಬಳಕೆ, ಊರೊಳಗೆ ಮಾರಿದರೂ ಊರಬಳಕೆ. ಕಮಿಷನ್ನಿನ ನಿಯಮ ನೋಡುವುದೂ ಮಾಂಸ ಸ್ಥಳೀಯರ ಬಳಕೆಗೆ ಹೋಯಿತೇ ಅಂತಲೇ.

ಮರು (ತುಮಕೂರು):
‘ಊರಬಳಕೆ’ ಒಪ್ಪಿದೆ, ಅಚ್ಚಗನ್ನಡ. ಎಡಗಡೆ ‘ವಾಣಿಜ್ಯ’ ಯಾಕೆ ಹಾಗೇ ಕೂತಿದೆ? ‘ಮಾರಾಟದ’ ಮಾಡಿ.

ಮರು (ಶಿವಮೊಗ್ಗ):
‘ವಾಣಿಜ್ಯ’ ಮಕ್ಕಳ ಪಠ್ಯದಲ್ಲೇ ಇದೆ. ಸುಮ್ನೆ ಬಿಡಿ.

ಮರು (ಚಾಮರಾಜನಗರ):
ಪದ ಸಿಕ್ಕಿತಲ್ಲ, ಈಗ ಒಂದು ಮಾತು. ಅಲಾಸ್ಕಾದವರಿಗೆ ಇಷ್ಟು ಯೋಚನೆ ಮಾಡುತ್ತೀರಿ, ಒಳ್ಳೆಯದು. ನಮ್ಮ 1972ರ ವನ್ಯಜೀವಿ ಕಾಯ್ದೆಯ 65ನೇ ಕಲಮು ನಿಕೋಬಾರ್‌ನ ಬುಡಕಟ್ಟುಗಳ ಬೇಟೆಯ ಹಕ್ಕನ್ನು ಉಳಿಸಿದೆ. ಹಕ್ಕಿಪಿಕ್ಕಿಗಳಿಗೆ ಅಂಥದ್ದೇನೂ ಇಲ್ಲ. ಅವರ ಹೆಸರಲ್ಲೇ ಹಕ್ಕಿ ಇದೆ, ಹಿಡಿದರೆ ಕೇಸು. ಇಲ್ಲಿ ಅದಕ್ಕೆ ಕಳ್ಳಬೇಟೆ ಅನ್ನುತ್ತಾರೆ. ಆ ‘ಕಳ್ಳ’ ಯಾರು ಸೇರಿಸಿದ್ದು ಅಂತಲೂ ಈ ಬಳಗದಲ್ಲಿ ಒಮ್ಮೆ ಚರ್ಚೆಯಾಗಲಿ.

ಮರು (ಕೇಳಿದವಳು):
ಎಲ್ಲರಿಗೂ ಧನ್ಯವಾದ. ಎಡಕ್ಕೆ ‘ವಾಣಿಜ್ಯ ತಿಮಿಂಗಿಲ ಬೇಟೆ’, ಬಲಕ್ಕೆ ‘ಮೂಲನಿವಾಸಿಗಳ ಊರಬಳಕೆಯ ತಿಮಿಂಗಿಲ ಬೇಟೆ’ ಅಂತ ಹಾಕುತ್ತಿದ್ದೇನೆ. ಸೀಲ್‌ನ ಸಾಲುಗಳನ್ನು ಎರಡು ಕಾಲಂಗೂ ಹಂಚದೆ ಕೆಳಗೆ ಬೇರೆಯಾಗಿಯೇ ಇಡುತ್ತೇನೆ, ಚರ್ಮ ಮಾರುವ ವಿಷಯ ಬಿಡದೆ. ಕೊನೆಯದಾಗಿ: ಮೂಲದಲ್ಲಿ ‘ಎಸ್ಕಿಮೋ’ ಅಂತ ಇದೆ. ಇಡಲೇ?

ಮರು (ಕಾರವಾರ):
ಬೇಡ. ಇನ್ಯೂಪಿಯಾಟ್, ಇನ್ಯೂಟ್ ಅಂತ ಆಯಾ ಜನರ ಹೆಸರೇ ಹಾಕಿ. ‘ಅಲಾಸ್ಕಾ ಎಸ್ಕಿಮೋ ವೇಲಿಂಗ್ ಕಮಿಷನ್’ ಬಂದರೆ ಅದನ್ನು ಮಾತ್ರ ಮುಟ್ಟಬೇಡಿ, ಅದು 1977ರಲ್ಲಿ ಅವರೇ ಕಟ್ಟಿಕೊಂಡ ಸಂಸ್ಥೆ, ಅವರೇ ಇಟ್ಟ ಹೆಸರು.