ಪರದೇಶದಲ್ಲಿ ಓದುವ ಮಗಳು, ಹಾಸ್ಟೆಲಿನಲ್ಲಿ ಫ್ಲೂ: ವೈದ್ಯರೊಡನೆ ಪ್ರಶ್ನೋತ್ತರ

ಪ್ರಶ್ನೆ (ಕಟಪಾಡಿಯ ತಾಯಿಯೊಬ್ಬರು): ಡಾಕ್ಟರರಿಗೆ ನಮಸ್ಕಾರ. ನನ್ನ ಮಗಳು ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಹಾಸ್ಟೆಲಿನಲ್ಲಿ ಆರು ಮಂದಿಗೆ ಒಂದೇ ಅಡುಗೆಮನೆ. ಅವರಲ್ಲಿ ಇಬ್ಬರು ಫ್ಲೂ ಜ್ವರದಿಂದ ಮಲಗಿದ್ದಾರೆ. ಮಗಳಿಗೆ ಚಿಕ್ಕಂದಿನಿಂದ ಉಬ್ಬಸವಿದ್ದು, ದಿನವೂ ಸ್ಟಿರಾಯ್ಡ್ ಇನ್‌ಹೇಲರ್ ಬೇಕಾಗುತ್ತದೆ. ಇಲ್ಲಿಂದ ಆಂಟಿಬಯೋಟಿಕ್ ಮಾತ್ರೆಗಳನ್ನು ಕಳುಹಿಸಲೇ? ಈಗ ಲಸಿಕೆ ಹಾಕಿಸಿಕೊಂಡರೆ ಪ್ರಯೋಜನವುಂಟೇ?

ಉತ್ತರ: ಅಮ್ಮಾ, ಮಾತ್ರೆಗಳನ್ನು ದಯವಿಟ್ಟು ಕಳುಹಿಸಬೇಡಿ. ಫ್ಲೂ ವೈರಸ್‌ನಿಂದ ಬರುವ ಕಾಯಿಲೆಯಾದ್ದರಿಂದ ಆಂಟಿಬಯೋಟಿಕ್ ಅದರ ಮೇಲೆ ಕೆಲಸ ಮಾಡುವುದಿಲ್ಲ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನು ಮಕ್ಕಳ ಪೆಟ್ಟಿಗೆಗೆ ತುಂಬಿಸುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ.

ಲಸಿಕೆಯನ್ನು ಈ ವಾರವೇ ಹಾಕಿಸಿಕೊಳ್ಳಲಿ. ರಕ್ಷಣೆ ಕೂಡಿಬರಲು ಸುಮಾರು 2 ವಾರ ಬೇಕಾದರೂ, ಅಲ್ಲಿ ಫ್ಲೂ ಚಳಿಗಾಲದುದ್ದಕ್ಕೂ ಹರಡುವುದರಿಂದ ಅದು ವ್ಯರ್ಥವಾಗುವುದಿಲ್ಲ. ಸ್ಟಿರಾಯ್ಡ್ ಇನ್‌ಹೇಲರ್ ಬೇಕಾಗುವ ಉಬ್ಬಸ ರೋಗಿಗಳಿಗೆ ಅಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಈ ಲಸಿಕೆಯನ್ನು ಉಚಿತವಾಗಿ ನೀಡುತ್ತದೆ. ಅವಳು ಇನ್ನೂ ಹತ್ತಿರದ ಜಿ.ಪಿ. ಎಂಬ ಕುಟುಂಬ ವೈದ್ಯರಲ್ಲಿ ಹೆಸರು ನೋಂದಾಯಿಸಿರದಿದ್ದರೆ ಅದು ಇಂದೇ ಆಗಬೇಕು. ವೀಸಾದೊಂದಿಗೆ ಆರೋಗ್ಯ ಶುಲ್ಕವನ್ನು ಕಟ್ಟಿಯೂ ನೋಂದಣಿಯನ್ನು ಮರೆತು, 102 ಡಿಗ್ರಿ ಜ್ವರದಲ್ಲಿ ಫಾರಂ ತುಂಬಲು ಕುಳಿತ ವಿದ್ಯಾರ್ಥಿಗಳ ಕರೆಗಳು ನನಗೆ ಬಂದಿವೆ.

ಜ್ವರ, ಮೈಕೈ ನೋವು, ಒಣಕೆಮ್ಮು ಒಮ್ಮೆಲೇ ಶುರುವಾದರೆ ಅವಳು ಕಾಯದೆ ಅಂದೇ ಜಿ.ಪಿ.ಯನ್ನು ಅಥವಾ ಎನ್‌ಎಚ್‌ಎಸ್ ಸಹಾಯವಾಣಿಯಾದ 111 ಸಂಖ್ಯೆಯನ್ನು ಸಂಪರ್ಕಿಸಿ, ಉಬ್ಬಸವಿದೆ ಎಂಬುದನ್ನು ಮೊದಲೇ ಹೇಳಬೇಕು. ಫ್ಲೂ ವೈರಸ್‌ನ ಮೇಲೆಯೇ ಕೆಲಸ ಮಾಡುವ ಒಸೆಲ್ಟಾಮಿವಿರ್ ಎಂಬ ಔಷಧವು ಲಕ್ಷಣಗಳು ಕಾಣಿಸಿದ 48 ಗಂಟೆಗಳೊಳಗೆ ಆರಂಭಿಸಿದಾಗ ಹೆಚ್ಚು ಫಲ ಕೊಡುತ್ತದೆ. ಅದು ಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಇನ್‌ಹೇಲರನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆದರೆ ಶೀತದ ಅನೇಕ ಮಾತ್ರೆಗಳಲ್ಲಿಯೂ ಅದೇ ಔಷಧ ಅಡಗಿರುವುದರಿಂದ ಎರಡನ್ನೂ ಒಟ್ಟಿಗೆ ನುಂಗುವಂತಿಲ್ಲ. ಐಬುಪ್ರೊಫೆನ್ ಕೆಲವರಲ್ಲಿ ಉಬ್ಬಸವನ್ನು ಕೆರಳಿಸುತ್ತದೆ. ಹಿಂದೆ ತೆಗೆದುಕೊಂಡು ಒಗ್ಗಿರದಿದ್ದರೆ ಬೇಡ.

ಉಸಿರು ಕಟ್ಟುವುದು, ತುಟಿ ನೀಲಿಯಾಗುವುದು, ಮಾತು ತಡವರಿಸಿ ಗೊಂದಲವಾಗುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಕು. ಒಂಟಿಯಾಗಿ ಮಲಗಿದವರಿಗೆ ತಮ್ಮ ಸ್ಥಿತಿ ಕೆಡುತ್ತಿರುವುದು ತಿಳಿಯದೆ ಹೋಗಬಹುದಾದ್ದರಿಂದ, ದಿನಕ್ಕೆರಡು ಬಾರಿ ಬಾಗಿಲು ತಟ್ಟುವ ಸ್ನೇಹಿತೆಯೊಬ್ಬಳನ್ನು ಈಗಲೇ ಗೊತ್ತುಮಾಡಿಕೊಳ್ಳಲಿ.

ಪ್ರಶ್ನೆ (ಅದೇ ತಾಯಿ): ಅಡುಗೆಮನೆಯನ್ನು ಬಿಡುವಂತಿಲ್ಲವಲ್ಲ, ಅಲ್ಲಿ ಹೇಗಿರಬೇಕು? ಜ್ವರ ಬಂದರೆ ಊಟಕ್ಕೇನು?

ಉತ್ತರ: ಇತರರಿಲ್ಲದ ಹೊತ್ತಿನಲ್ಲಿ ಅಡುಗೆ ಮಾಡಿ, ಕಿಟಕಿ ತೆರೆದು, ತನ್ನದೇ ಲೋಟ, ಟವೆಲ್ ಬಳಸಲಿ, ಫ್ರಿಜ್ ಮತ್ತು ನಲ್ಲಿಯ ಹಿಡಿಗಳನ್ನು ಮುಟ್ಟಿದ ಮೇಲೆ 20 ಸೆಕೆಂಡು ಸಾಬೂನಿನಿಂದ ಕೈ ತೊಳೆಯಲಿ. ಫ್ಲೂ ಲಕ್ಷಣ ತೋರುವ ಹಿಂದಿನ ದಿನದಿಂದಲೇ ಹರಡಬಲ್ಲದು, ಹಾಗಾಗಿ ಆರೋಗ್ಯವಾಗಿರುವಂತೆ ಕಾಣುವವರೊಡನೆಯೂ ಈ ಎಚ್ಚರ ಬೇಕು. ಊಟಕ್ಕೆ ನಮ್ಮ ಗಂಜಿಗಿಂತ ಒಳ್ಳೆಯದೇನಿದೆ? ಕುಚ್ಚಲಕ್ಕಿ ಸಿಗದಿದ್ದರೆ ಬಿಳಿ ಅಕ್ಕಿಯದ್ದೇ ಆಗಲಿ, ಉಪ್ಪು ಹಾಕಿ ತೆಳ್ಳಗೆ ಕುಡಿಯಲಿ. ಶುಂಠಿ ಕಷಾಯ ಗಂಟಲಿಗೆ ಹಿತ, ಆದರೆ ಅದು ಔಷಧದ ಬದಲಿಯಲ್ಲ. ಪ್ಯಾರಾಸಿಟಮಾಲ್ ಇಲ್ಲದೆಯೇ 24 ಗಂಟೆ ಜ್ವರ ಬರದಿದ್ದಾಗ ಮಾತ್ರ ತರಗತಿಗೆ ಹೋಗಲಿ.