ವೈಫ್ ಅನ್ನೋದಕ್ಕೆ ಫುಲ್ ಫಾರ್ಮ್ ಇಲ್ಲ, ಮಾವ

ಗುಂಪು: ಹಳೇಮನೆ ಕುಟುಂಬ
ಭಾನುವಾರ

ರಮೇಶ ಮಾವ, ಬೆಳಿಗ್ಗೆ 6:38
(ಫಾರ್ವರ್ಡ್) ಇಂಗ್ಲಿಷ್ ಪದಗಳ ಹಿಂದಿನ ಗುಟ್ಟು ನಿಮಗೆ ಗೊತ್ತೇ? ವೈಫ್ = ವರೀಸ್ ಇನ್‌ವೈಟೆಡ್ ಫಾರ್ ಎವರ್. ಇದು ತಮಾಷೆಗೆ. ನಿಜವಾದ ಅರ್ಥ ಕೇಳಿ: ವೈಫ್ ಎಂಬುದು ವೀವ್ ಎಂಬ ಪದದಿಂದ ಬಂದದ್ದು. ಹಳೇ ಇಂಗ್ಲಿಷಿನಲ್ಲಿ ವೈಫ್ ಎಂದರೆ ಬಟ್ಟೆ ನೇಯುವವಳು. ಹಸ್ಬೆಂಡ್ ಎಂದರೆ ಹೌಸ್ ಮತ್ತು ಬ್ಯಾಂಡ್, ಮನೆಯನ್ನು ಕಟ್ಟಿ ಹಿಡಿಯುವವನು. ಹತ್ತು ಜನರಿಗೆ ಕಳಿಸಿ.

ಕಿರಣ, 7:02
ಹಹಹ ಸೂಪರ್ ದೊಡ್ಡಮಾವ

ಗಿರಿಜಕ್ಕ, 7:15
ಎಲ್ಲರಿಗೂ ಶುಭೋದಯ. ಅಮ್ಮನ ಮಂಡಿನೋವು ಕಮ್ಮಿ ಇದೆ.

ಸುಮಾ, 8:20
ಮಾವ, ದಯವಿಟ್ಟು ಇದನ್ನ ಮುಂದೆ ಕಳಿಸಬೇಡಿ. ಮೂರು ಸಾಲಿನಲ್ಲಿ ಮೂರೂ ತಪ್ಪು.

ರಮೇಶ ಮಾವ, 8:24
ಮೊದಲನೇದು ಜೋಕ್ ಅಮ್ಮ. ಎರಡನೇದರಲ್ಲಿ ಹೆಂಗಸರಿಗೆ ಗೌರವವೇ ಇದೆಯಲ್ಲ, ನೇಯುವವಳು ಅಂತ. ಅದರಲ್ಲೇನು ತಪ್ಪು?

ಸುಮಾ, 8:31
ಗೌರವದ ಮಾತು ಆಮೇಲೆ ಮಾವ, ಮೊದಲು ನಿಜ ಯಾವುದು ಅಂತ ನೋಡೋಣ. ಹಳೇ ಇಂಗ್ಲಿಷಿನಲ್ಲಿ ಆ ಪದ "ವೀಫ್". ದೀರ್ಘ ಈ. ಅದರ ಅರ್ಥ ಹೆಂಗಸು, ಅಷ್ಟೇ. ಮದುವೆ ಆಗಿರಲಿ, ಬಿಡಲಿ, ಮುದುಕಿ ಆಗಿರಲಿ, ಬೀದಿಯಲ್ಲಿ ಮೀನು ಮಾರುವವಳಾಗಿರಲಿ.

ಸುಮಾ, 8:33
ನೇಯುವುದಕ್ಕೆ ಆಗಿನ ಪದ "ವೆಫನ್", ಹ್ರಸ್ವ ಎ. ಆ ಧಾತುವಿನಿಂದ ದೀರ್ಘ ಈ ಬರುವ ದಾರಿಯೇ ಇಲ್ಲ. ಕೇಳೋಕೆ ಹತ್ತಿರ ಇದೆ ಅಂತ ಜೋಡಿಸಿದ್ದು. ಮಾವು ತಂದುಕೊಡೋನು ಮಾವ ಅಂದ ಹಾಗೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಲೇಖಕರೇ ಈ ನೇಯ್ಗೆ ಕಥೆ ನಂಬಿ ಬರೆದಿದ್ದರು, ಅಲ್ಲಿಂದ ಇಲ್ಲಿವರೆಗೂ ಬಂದಿದೆ.

ಕಿರಣ, 8:35
ಫುಲ್ ಫಾರ್ಮ್‌ಗಳೂ ಸುಳ್ಳಾ?

ಸುಮಾ, 8:40
ಕಿರಣ, ಮೊದಲಕ್ಷರ ಜೋಡಿಸಿ ಪದ ಮಾಡುವ ಅಭ್ಯಾಸ ಬೆಳೆದದ್ದು 20ನೇ ಶತಮಾನದಲ್ಲಿ. ರಡಾರ್, ಲೇಸರ್ ಹಾಗೆ ಹುಟ್ಟಿದವು. ಸಾವಿರದ ಮುನ್ನೂರು ವರ್ಷ ಹಿಂದಿನ ಪದಕ್ಕೆ ಫುಲ್ ಫಾರ್ಮ್ ಇರೋದು ಹೇಗೆ? ನ್ಯೂಸ್ ಅಂದ್ರೆ ನಾರ್ತ್ ಈಸ್ಟ್ ವೆಸ್ಟ್ ಸೌತ್ ಅಂತಾರಲ್ಲ, ಅದೂ ಇದೇ ಜಾತಿ. ನ್ಯೂ ಅನ್ನೋದರ ಬಹುವಚನ ಅದು. ಹೊಸವು, ಅಷ್ಟೇ.

ದೊಡ್ಡಪ್ಪ, 9:10
ಸುಮಾ, ಒಂದು ಮಾತು. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ಬೇರು ಹುಡುಕೋದು ಚೆಂದ, ಆದರೆ ಪದದ ಅರ್ಥ ಇರೋದು ಇವತ್ತಿನ ಬಳಕೆಯಲ್ಲಿ. ಇವತ್ತು ವೈಫ್ ಅಂದರೆ ಹೆಂಡತಿ. ಸಾವಿರ ವರ್ಷ ಹಿಂದೆ ಏನಾದರೂ ಆಗಿರಲಿ, ಅದನ್ನ ಇಟ್ಟುಕೊಂಡು ರಮೇಶನನ್ನ ಯಾಕೆ ಗದರಿಸ್ತೀಯ?

ಸುಮಾ, 9:18
ಗದರಿಸ್ತಾ ಇಲ್ಲ ದೊಡ್ಡಪ್ಪ. ಆದರೆ ಇವತ್ತಿನ ಬಳಕೆಯಲ್ಲೇ ಹಳೇ ಅರ್ಥ ಜೀವಂತ ಇದೆ. ವುಮನ್ ಅನ್ನೋದು "ವೀಫ್‌ಮನ್", ಹೆಣ್ಣು ಮನುಷ್ಯ. ಮನ್ ಅಂದರೆ ಆಗ ಗಂಡಸು ಅಂತಲೇ ಅಲ್ಲ, ಮನುಷ್ಯ ಜಾತಿ. ಏಕವಚನದಲ್ಲಿ ಸ್ವರ ಬದಲಾಗಿ ವುಮನ್ ಆಯಿತು. ಬಹುವಚನ ಹೇಳಿ ನೋಡಿ: ವಿಮೆನ್. ಬರೆಯೋದು ಒ ಅಕ್ಷರ, ಬಾಯಲ್ಲಿ ಬರೋದು ಇ. ಆ ಇ ಎಲ್ಲಿಂದ ಬಂತು? ವೀಫ್‌ನಿಂದ. ನಾನು ಎಂ.ಎ. ಮಕ್ಕಳಿಗೆ ಪ್ರತಿ ವರ್ಷ ಇದನ್ನ ಹೇಳುವಾಗ ಈಗಲೂ ಮೈ ಜುಂ ಅನ್ನುತ್ತೆ.

ದೊಡ್ಡಪ್ಪ, 9:22
ಇದು ಗೊತ್ತಿರಲಿಲ್ಲ. ಒಳ್ಳೆಯದು.

ದೊಡ್ಡಪ್ಪ, 9:26
ಆದರೆ ಆಗಲೇ ಹೆಂಡತಿ ಎಂಬ ಅರ್ಥವೂ ಇತ್ತೋ ಇಲ್ಲವೋ? ಅದನ್ನ ಹೇಳು.

ಸುಮಾ, 9:37
ಇತ್ತು. ಮುಚ್ಚಿಡಲ್ಲ. ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯ ಕಾನೂನು ಕೆಂಟ್‌ನ ರಾಜ ಎಥೆಲ್‌ಬರ್ಟ್‌ನದು, ಸುಮಾರು 600ರ ಹೊತ್ತಿನದು, ನಮಗೆ ಸಿಕ್ಕಿರುವ ಪ್ರತಿ 12ನೇ ಶತಮಾನದ್ದು. ಅದರಲ್ಲಿ ಒಂದು ಕಲಮು: ಸ್ವತಂತ್ರ ಗಂಡಸೊಬ್ಬ ಇನ್ನೊಬ್ಬ ಸ್ವತಂತ್ರ ಗಂಡಸಿನ ವೀಫ್ ಜೊತೆ ಮಲಗಿದರೆ ವೆರ್‌ಗಿಲ್ಡ್, ಅಂದರೆ ಒಬ್ಬ ಮನುಷ್ಯನ ಜೀವಕ್ಕೆ ಕಟ್ಟಿದ ಬೆಲೆಯನ್ನು, ದಂಡವಾಗಿ ತೆರಬೇಕು, ಜೊತೆಗೆ ತನ್ನ ದುಡ್ಡಿನಲ್ಲಿ ಬೇರೊಬ್ಬ ಹೆಂಡತಿಯನ್ನು ತಂದು ಅವನ ಮನೆಗೆ ಮುಟ್ಟಿಸಬೇಕು.

ಗಿರಿಜಕ್ಕ, 9:39
ಅಯ್ಯೋ ದೇವರೇ. ಆ ಹೆಂಗಸನ್ನ ಕೇಳಿದ್ರಾ ಯಾರಾದ್ರೂ?

ಸುಮಾ, 9:41
ಕೇಳಿದ ಹಾಗೆ ಕಾಣಲ್ಲ ಅಕ್ಕ. ಅದಕ್ಕೇ ನನಗೆ ಈ ಪದದ ಮೇಲೆ ಇಷ್ಟು ಕಾಳಜಿ. ಕಾನೂನಿನಲ್ಲಿ ಅವಳು "ಇಂಥವನ ಹೆಂಗಸು". ಪದದಲ್ಲಿ ಮಾತ್ರ ಬರೀ ಹೆಂಗಸು, ಯಾರವಳೂ ಅಲ್ಲ.

ಸುಮಾ, 9:44
ಮತ್ತೆ ದೊಡ್ಡಪ್ಪ, ನಿಮಗೆ ಇಷ್ಟವಾಗೋದು ಒಂದಿದೆ. ಆ ವೆರ್‌ಗಿಲ್ಡ್‌ನಲ್ಲಿರುವ "ವೆರ್" ಅಂದರೆ ಗಂಡಸು. ತೋಳವಾಗುವ ಮನುಷ್ಯನ ಕಥೆಯ ವೇರ್‌ವುಲ್ಫ್‌ನಲ್ಲಿ ಇರೋದೂ ಅದೇ. ಲ್ಯಾಟಿನ್ನಿನ ವಿರ್, ಸಂಸ್ಕೃತದ ವೀರ, ಮೂರೂ ಒಂದೇ ಮೂಲದವು.

ದೊಡ್ಡಪ್ಪ, 9:58
ಆಹಾ! ಹಾಗಾದರೆ ನಮ್ಮ "ಗಂಡ"ನೂ ಅದೇ ದಾರಿ. ಹಳಗನ್ನಡದಲ್ಲಿ ಗಂಡ ಅಂದರೆ ಶೂರ, ಒಡೆಯ. ವಿಜಯನಗರದ ಅರಸರ ಬಿರುದು "ಮೂರುರಾಯರ ಗಂಡ". ಮೂರು ರಾಜರನ್ನ ಮಣಿಸುವವನು. ಅಲ್ಲಿ ಮದುವೆಯ ಸುದ್ದಿಯೇ ಇಲ್ಲ. ಶಾಸನ ಓದಿಸುವಾಗ ಹುಡುಗರು ನಗೋರು, ನಾನು ಬಿಡಿಸಿ ಹೇಳ್ತಿದ್ದೆ.

ದೊಡ್ಡಪ್ಪ, 10:03
ಹೆಂಡತಿಯೂ ಹಾಗೇ. ಪೆಣ್, ಹೆಣ್. ಹಳಗನ್ನಡದ "ಪೆಂಡಿರ್" ಅಂದರೆ ಹೆಂಗಸರು. ಹೆಂಡತಿಯರು ಅಂತಲೂ ಹೌದು. ಸಂದರ್ಭ ನೋಡಿ ಅರ್ಥ ಮಾಡಬೇಕು. ನಿನ್ನ ವೀಫ್ ಥರಾನೇ.

ಸುಮಾ, 10:04
ನೋಡಿದ್ರಾ! ಎರಡು ಭಾಷೆಗೂ ಸಂಬಂಧ ಇಲ್ಲ, ನಡೆದ ದಾರಿ ಒಂದೇ.

ರಮೇಶ ಮಾವ, 10:10
ಸರಿ, ವೈಫ್ ಒಪ್ಪಿದೆ. ಹಸ್ಬೆಂಡ್? ಹೌಸ್ ಅಂತೂ ಇದೆಯಲ್ಲ ಅದರಲ್ಲಿ.

ಸುಮಾ, 10:19
ಹೌಸ್ ಸರಿ ಮಾವ, ಬ್ಯಾಂಡ್ ಅಲ್ಲ. ಇದು ಇಂಗ್ಲಿಷ್ ಪದವೇ ಅಲ್ಲ, ವೈಕಿಂಗರ ಜೊತೆ ಬಂದ ಅವರ ನಾರ್ಸ್ ಭಾಷೆಯ ಪದ: ಹೂಸ್‌ಬೋಂಡಿ. ಬೋಂಡಿ ಅಂದರೆ ನೆಲೆಸಿದವನು, ಮನೆ ಜಮೀನು ಇರುವ ರೈತ. ಕಟ್ಟೋದು ಬಿಗಿಯೋದು ಅದರಲ್ಲಿಲ್ಲ. ಮದುವೆ ಅರ್ಥ ಆಮೇಲೆ ಅಂಟಿಕೊಂಡಿತು. ಹಳೇದು ಹಸ್ಬೆಂಡ್ರಿಯಲ್ಲಿ, ಅಂದರೆ ಬೇಸಾಯ, ಪಶುಪಾಲನೆ ಅನ್ನೋದರಲ್ಲಿ ಉಳಿದಿದೆ. ನಿಮ್ಮ ಬ್ಯಾಂಕಿನಲ್ಲಿ ಹಸು ಎಮ್ಮೆ ಸಾಲದ ಫಾರಂ ಮೇಲೆ ಅನಿಮಲ್ ಹಸ್ಬೆಂಡ್ರಿ ಅಂತ ಇರ್ತಿತ್ತಲ್ಲ, ಅದೇ.

ರಮೇಶ ಮಾವ, 10:21
ನೂರಾರು ಫಾರಂಗೆ ಸಹಿ ಹಾಕಿದ್ದೀನಿ. ಹಸುವಿಗೂ ಹಸ್ಬೆಂಡಿಗೂ ಏನು ಸಂಬಂಧ ಅಂತ ಒಂದು ದಿನವೂ ಕೇಳಲಿಲ್ಲ.

ದೊಡ್ಡಪ್ಪ, 10:25
ಇದು ನಮ್ಮ "ಒಕ್ಕಲು". ಒಕ್ಕಲು ಅಂದರೆ ವಾಸ, ನೆಲೆಸಿದ ಮನೆತನ. ಅಲ್ಲಿಂದ ಒಕ್ಕಲುತನ, ಬೇಸಾಯ. ನೆಲೆ ನಿಂತವನೇ ರೈತ.

ವಿನಯ (ಅಬರ್ಡೀನ್), 11:40
ಈಗ ಎದ್ದೆ. ಎಲ್ಲ ಓದಿದೆ. ಸುಮಾ ಹೇಳಿದ್ದಕ್ಕೆ ಸಾಕ್ಷಿ ನಾನು ದಿನಾ ಕೇಳ್ತೀನಿ. ಇಲ್ಲಿ ಹೆಂಗಸರಿಗೆ "ವೈಫಿ" ಅಂತಾರೆ. ಅಂಗಡಿ ವೈಫಿ, ಬಸ್ಸಲ್ಲಿ ಪಕ್ಕ ಕೂತ ವೈಫಿ. ಬಂದ ಹೊಸದರಲ್ಲಿ ಜೊತೆ ಕೆಲಸದವನು "ಕ್ಯಾಂಟೀನ್ ವೈಫಿ ನಿನ್ನ ಕೇಳ್ತಿದ್ಲು" ಅಂದಾಗ ನಾನು ಅವನ ಹೆಂಡತಿ ಅಲ್ಲಿ ಕೆಲಸ ಮಾಡ್ತಾಳೆ ಅಂತಲೇ ತಿಳಿದಿದ್ದೆ. ಒಂದು ತಿಂಗಳು ಹಾಗೇ ನಡೀತು.

ಸುಮಾ, 11:44
ವಿನಯ, ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ! ಸ್ಕಾಟ್ಲೆಂಡಿನಲ್ಲಿ ಆ ಅರ್ಥ ಸಾಯಲೇ ಇಲ್ಲ. ಇಂಗ್ಲೆಂಡಿನಲ್ಲಿ ಸಮಾಸಪದಗಳಲ್ಲಿ ಮಾತ್ರ ಉಳೀತು. ಫಿಶ್‌ವೈಫ್ ಮೀನು ಮಾರುವವಳು, ಏಲ್‌ವೈಫ್ ಹೆಂಡ ಮಾರುವವಳು. ಓಲ್ಡ್ ವೈವ್ಸ್ ಟೇಲ್ ಅಂದರೆ ಮುದುಕಿಯರ ಕಥೆ, ಯಾರ ಹೆಂಡತಿಯರದೂ ಅಲ್ಲ.

ದೊಡ್ಡಪ್ಪ, 11:46
ಅಡಗೂಲಜ್ಜಿ ಕಥೆ.

ಸುಮಾ, 11:50
ಅದೇ ದೊಡ್ಡಪ್ಪ. ಇನ್ನೊಂದು ನೋವಿನದು: ಹೌಸ್‌ವೈಫ್ ಅನ್ನೋದು ಬಾಯಲ್ಲಿ ಸವೆದು ಸವೆದು "ಹಸಿ" ಆಯಿತು. ಮೊದಲು ಮನೆವಾರ್ತೆ ನೋಡುವವಳು ಅಂತಲೇ ಅರ್ಥ, ಆಮೇಲೆ ನಡತೆಗೆಟ್ಟವಳು ಅಂತ ಬೈಗುಳ. ಪದ ಅದೇ, ದುಡಿಮೆ ಅದೇ. ನಮ್ಮಲ್ಲಿ ಗಂಡ ಸತ್ತವಳನ್ನ ಕರೆಯುವ ಹೆಸರನ್ನೇ ಬೈಗುಳ ಮಾಡಿಲ್ವಾ? ಜೋಕ್ ಅಂತ ಶುರುವಾಗೋದು ಎಲ್ಲಿ ಹೋಗಿ ನಿಲ್ಲುತ್ತೆ ಅನ್ನೋದಕ್ಕೆ ಹೇಳಿದೆ ಮಾವ. "ವರೀಸ್" ಅಂತ ದಿನಾ ಕೇಳಿದರೆ ಕಿರಣನ ವಯಸ್ಸಿನವರ ತಲೆಯಲ್ಲಿ ಅದೇ ಕೂರುತ್ತೆ.

ಕಿರಣ, 11:52
ಸಾರಿ ಅತ್ತಿಗೆ

ವಿನಯ (ಅಬರ್ಡೀನ್), 11:55
ಹಳೇ ಇಂಗ್ಲಿಷಲ್ಲಿ ವೀಫ್ ನಪುಂಸಕಲಿಂಗ ಅಂತ ಓದಿದೆ. ನಿಜವಾ? ಹಾಗಿದ್ರೆ ಅದೂ ಅವಮಾನವೇ ಅಲ್ವಾ?

ಸುಮಾ, 12:06
ನಪುಂಸಕಲಿಂಗ ಹೌದು, ಅವಮಾನ ಅಲ್ಲ. ವೀಫ್‌ಮನ್ ಅಂತೂ ವ್ಯಾಕರಣದಲ್ಲಿ ಪುಲ್ಲಿಂಗ! ಜರ್ಮನ್ನಿನಲ್ಲಿ ಹುಡುಗಿ ಅನ್ನೋದು ಇವತ್ತಿಗೂ ನಪುಂಸಕ. ನಮ್ಮ ಅಜ್ಜಿ ಹೇಗೆ ಮಾತಾಡ್ತಿದ್ದರು ನೆನಪಿಸಿಕೋ. "ಅತ್ತಿಗೆ ಬಂತು, ಕೂಸು ಉಂಡ್ತಾ?" ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೆ ಅದು, ಇದು, ಬಂತು ಅಂತಲೇ ಬಳಕೆ. ಅದರಲ್ಲಿ ಪ್ರೀತಿ ಇಲ್ಲ ಅಂತ ಯಾರಾದರೂ ಹೇಳಲಿ.

ಗಿರಿಜಕ್ಕ, 12:08
"ಗಿರಿಜೆ ಬಂತು, ದೋಸೆ ಹೊಯ್ಯಿ" ಅನ್ನೋದು ಕಿವೀಲೇ ಇದೆ.

ರಮೇಶ ಮಾವ, 12:30
ಊಟಕ್ಕೆ ಮೊದಲು ಕೊನೇ ಪ್ರಶ್ನೆ. ನೇಯ್ಗೆ ಅಲ್ಲ ಅಂದೆ. ಹಾಗಾದರೆ ವೀಫ್ ಎಲ್ಲಿಂದ ಬಂತು?

ಸುಮಾ, 12:41
ಇತ್ಯರ್ಥ ಆಗಿಲ್ಲ ಮಾವ. ದೊಡ್ಡ ನಿಘಂಟುಗಳೂ ಮೂಲ ಅನಿಶ್ಚಿತ ಅಂತಲೇ ಬರೆಯುತ್ತವೆ. ಜರ್ಮನ್, ಡಚ್, ನಾರ್ಸ್ ಭಾಷೆಗಳಲ್ಲಿ ಇದರ ಅಕ್ಕತಂಗಿಯರಿದ್ದಾರೆ, ಅದರಾಚೆಗೆ ದಾರಿ ಮಸುಕು. ಮುಸುಕು ಹೊದ್ದವಳು ಅನ್ನೋದು ಒಂದು ಊಹೆ. ಚೀನಾದ ಪಶ್ಚಿಮದ ಮರುಭೂಮಿಯಲ್ಲಿ ಸಿಕ್ಕ ಹಸ್ತಪ್ರತಿಗಳ ತೊಖಾರಿಯನ್ ಭಾಷೆಯಲ್ಲಿ ನಾಚಿಕೆ ಅನ್ನೋ ಅರ್ಥದ "ಕ್ವೀಪೆ" ಅಂತ ಪದ ಇದೆ, ಅದರ ಬಂಧು ಅನ್ನೋದು ಇನ್ನೊಂದು. ಎರಡನ್ನೂ ಎಲ್ಲರೂ ಒಪ್ಪಿಲ್ಲ.

ರಮೇಶ ಮಾವ, 12:43
ಇಷ್ಟು ದಿನಬಳಕೆಯ ಪದಕ್ಕೆ ಮೂಲ ಗೊತ್ತಿಲ್ಲವೇ!

ಶಾರದತ್ತೆ, ಮಧ್ಯಾಹ್ನ 2:15
ಬೆಳಗಿನಿಂದ ಓದ್ತಾ ಇದ್ದೀನಿ. ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಆದರೆ ನನ್ನ ಸರ್ಟಿಫಿಕೇಟಲ್ಲಿ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್ ಅಂತಿದೆ. ಎ.ಎನ್.ಎಂ. ಅನ್ನೋದರ ಎಂ ಅದೇ. ಮಿಡ್‌ವೈಫ್ ಅಂದರೆ ಏನು ಸುಮಾ? ಮಧ್ಯದ ಹೆಂಡತಿ ಅಂತ ಟ್ರೇನಿಂಗಲ್ಲಿ ಹುಡುಗೀರು ನಗೋರು. ನನಗೂ ಹೇಳಿಕೊಳ್ಳೋಕೆ ಒಂಥರಾ ಮುಜುಗರ ಆಗ್ತಿತ್ತು.

ಸುಮಾ, 2:22
ಅತ್ತೆ, ಎಲ್ಲಕ್ಕಿಂತ ಚೆಂದದ ಪದ ಅದು. ಇಲ್ಲಿ "ಮಿಡ್" ಮಧ್ಯ ಅಲ್ಲ. ಹಳೇ ಇಂಗ್ಲಿಷಿನಲ್ಲಿ ಮಿಡ್ ಅಂದರೆ "ಜೊತೆ", ಜರ್ಮನ್ನಿನ ಮಿಟ್ ಇದ್ದ ಹಾಗೆ. ವೈಫ್ ಅಂದರೆ ಹೆಂಗಸು. ಮಿಡ್‌ವೈಫ್ ಅಂದರೆ ಹೆಂಗಸಿನ ಜೊತೆಗಿರುವವರು.

ಸುಮಾ, 2:25
ಇನ್ನೂ ಒಂದು. ನಮ್ಮ "ಸೂಲಗಿತ್ತಿ"ಯಲ್ಲಿ "ಗಿತ್ತಿ" ಹೆರಿಗೆ ಮಾಡಿಸುವವಳು. ಮದುವಣಗಿತ್ತಿ, ಒಕ್ಕಲಗಿತ್ತಿ ಇದ್ದ ಹಾಗೆ. ಮಿಡ್‌ವೈಫ್‌ನಲ್ಲಿರುವ ಹೆಂಗಸು ಹೆರಿಗೆ ಮಾಡಿಸುವವಳಲ್ಲ, ಹೆರುವವಳು. ಅದಕ್ಕೇ ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವ ಗಂಡಸನ್ನೂ ಮಿಡ್‌ವೈಫ್ ಅಂತಲೇ ಕರೀತಾರೆ.

ದೊಡ್ಡಪ್ಪ, 2:31
ಒಂದು ಪದ ಹೆರಿಗೆ ಮಾಡಿಸುವವಳನ್ನ ನೋಡುತ್ತೆ, ಇನ್ನೊಂದು ನೋವು ತಿನ್ನುವವಳನ್ನ. ನನ್ನ ವಾದ ವಾಪಸ್ ತಗೊಂಡೆ ಸುಮಾ. ಬಳಕೆ ಬಳಕೆ ಅಂತಿದ್ದೆ. ಬಳಕೆಯಲ್ಲೇ ಇಷ್ಟು ಹೂತಿತ್ತು.

ಶಾರದತ್ತೆ, 2:50
ಜೊತೆಗಿರುವವಳು ಅನ್ನೋದು ಸರಿ. ಹಿನ್ನೀರಿನ ಆಚೆ ಊರುಗಳಿಗೆ ಲಾಂಚ್ ದಾಟಿ, ಆಮೇಲೆ ಗುಡ್ಡ ಹತ್ತಿ ಹೋಗ್ತಿದ್ದೆ. ಚೊಚ್ಚಲು ಹೆರಿಗೆ ಆದರೆ ಒಂದು ರಾತ್ರಿ, ಒಂದು ಹಗಲು. ಔಷಧಿ ಕೊಡೋದು ಸ್ವಲ್ಪ ಹೊತ್ತಿನ ಕೆಲಸ. ಉಳಿದ ಹೊತ್ತೆಲ್ಲ ಬೆನ್ನು ಸವರುತ್ತಾ ಪಕ್ಕದಲ್ಲಿ ಕೂತಿರೋದೇ. ಊರಿನ ಹಳೇ ಸೂಲಗಿತ್ತಿ ಒಬ್ಬಳು ಮೊದಲು ನನ್ನನ್ನ ಒಳಗೇ ಬಿಡಲಿಲ್ಲ. ಆಮೇಲೆ ಇಬ್ಬರೂ ಆ ಕಡೆ ಈ ಕಡೆ ಕೂರ್ತಿದ್ವಿ. ನಾನು ಓದಿ ಕಲಿತದ್ದಕ್ಕಿಂತ ಅವಳ ಕೈಗೆ ಹೆಚ್ಚು ತಿಳೀತಿತ್ತು.

ಗಿರಿಜಕ್ಕ, 2:54
ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನೀನು ಟೀವಿ ಮುಂದೆ ಕಣ್ಣೀರು ಹಾಕಿದ್ದೆ ಶಾರದ.

ಶಾರದತ್ತೆ, 2:57
ಹೂಂ. ನಮ್ಮೂರಿನ ಆ ಹಳೇ ಸೂಲಗಿತ್ತಿ ನೆನಪಾದಳು, ಅವಳ ಹೆಸರೂ ಯಾರಿಗೂ ಗೊತ್ತಿಲ್ಲವಲ್ಲ ಅಂತ.

ಕಿರಣ, 3:05
ಅತ್ತೆ, ನಾನು ಹುಟ್ಟಿದಾಗ ನೀವೇ ಇದ್ದಿದ್ದಾ?

ಶಾರದತ್ತೆ, 3:08
ಆಸ್ಪತ್ರೆಯಲ್ಲಿ ಡಾಕ್ಟರ್ ಇದ್ದರು. ನಾನು ನಿನ್ನ ಅಮ್ಮನ ತಲೆ ಹತ್ತಿರ ನಿಂತಿದ್ದೆ. ನನ್ನ ಕೈ ಬಿಡಲೇ ಇಲ್ಲ ಅವಳು, ಬಳೆ ಒಡೆದು ಗೀರಾಗಿತ್ತು.

ರಮೇಶ ಮಾವ, 4:40
ಸುಮಾ, ಬ್ಯಾಂಕ್ ಪಿಂಚಣಿದಾರರ ಗುಂಪಿಗೂ ಅದನ್ನ ಬೆಳಿಗ್ಗೆಯೇ ಹಾಕಿಬಿಟ್ಟಿದ್ದೀನಿ. ಅಲ್ಲಿ 200 ಜನ. ಈಗ ಅಳಿಸೋಕೂ ಆಗ್ತಿಲ್ಲ. ತಿದ್ದಿ ಹಾಕ್ತೀನಿ. ಆ ವಿಮೆನ್ ವಿಷಯ, ಹೂಸ್‌ಬೋಂಡಿ ವಿಷಯ ಚಿಕ್ಕದಾಗಿ ಬರೆದುಕೊಡು. ಕೆಳಗೆ ನನ್ನ ಹೆಸರು ಬೇಡ, ನಿನ್ನದೇ ಹಾಕ್ತೀನಿ.

ಸುಮಾ, 4:42
ಖಂಡಿತ ಮಾವ. ರಾತ್ರಿಯೊಳಗೆ ಕಳಿಸ್ತೀನಿ.

ರಮೇಶ ಮಾವ, 4:43
ಮಿಡ್‌ವೈಫ್ ಮೊದಲು ಬರಲಿ.