ಸಹಾಯ ಬೇಕು: ಜೀಬ್ರಾ ಮೀನಿನ ಬಾಲ ಬೆಳೆಯಲು ಇಷ್ಟು ತಡ ಯಾಕೆ?

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಜೀಬ್ರಾ ಮೀನಿನ ಬಾಲದ ರೆಕ್ಕೆ ಮತ್ತೆ ಬೆಳೆಯುವುದನ್ನು ನೋಡುತ್ತಿದ್ದೇನೆ. ಟ್ರೈಕೇನ್‌ನಲ್ಲಿ ಮಂಪರು ಬರಿಸಿ ಅರ್ಧ ರೆಕ್ಕೆ ಕತ್ತರಿಸಿದೆ. ಗಾಯ ಒಂದೇ ದಿನದಲ್ಲಿ ಮುಚ್ಚಿತು. ಮೂರನೇ ದಿನ ತುದಿಯಲ್ಲಿ ಬಿಳಿ ಅಂಚು, ಅಂದರೆ ಬ್ಲಾಸ್ಟೆಮಾ (ಹೊಸ ರೆಕ್ಕೆಯಾಗಿ ಬೆಳೆಯುವ ಕೋಶಗಳ ಗುಂಪು), ಕಾಣಿಸಿತು. ಖುಷಿಯೋ ಖುಷಿ! ಆಮೇಲೆ ಮಾತ್ರ ಆಮೆ ನಡಿಗೆ. ಎರಡು ವಾರದಲ್ಲಿ ಹೆಚ್ಚುಕಮ್ಮಿ ಪೂರ್ತಿ ಬರಬೇಕಿತ್ತು. 16ನೇ ದಿನವೂ ಅರ್ಧ ದಾಟಿಲ್ಲ. ಹೃದಯದ ತುಂಡು ಹೋದರೂ ಬೆಳೆಸಿಕೊಳ್ಳುವ ಮೀನು ಇದು, ಬಾಲಕ್ಕೆ ಏನು ಕಷ್ಟ?

ನೀರು 28.5 ಡಿಗ್ರಿ ಇರಬೇಕು, ಗೊತ್ತು. ಆದರೆ ಹೀಟರ್ ಕೆಟ್ಟು ರಾತ್ರಿ 23ಕ್ಕೆ ಇಳಿಯುತ್ತಿದೆ. ಬರೀ ತಣ್ಣೀರಿನಿಂದಲೇ ಇಷ್ಟು ತಡವಾಗುತ್ತದಾ?

ಇನ್ನೊಂದು, ಕೆಲವು ಮೀನುಗಳಲ್ಲಿ ನಾನು ಕತ್ತರಿಸಿದ್ದು ಓರೆಯಾಗಿ, ಒಂದು ಬದಿ ಬುಡಕ್ಕೆ ಹತ್ತಿರ ಹೋಗಿದೆ. ಬುಡಕ್ಕೆ ಹತ್ತಿರ ಕತ್ತರಿಸಿದರೆ ವೇಗ ಜಾಸ್ತಿ ಅಲ್ವಾ? ಅಂಥವನ್ನು ಲೆಕ್ಕದಿಂದ ಬಿಡಬೇಕಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.